ಹೆರಿಗೆಯ ನೋವು ಮತ್ತು ಕೂಸಿನ ಭಂಗಿ

ವಿಜಾಪುರದ ಪಶ್ಚಿಮಕ್ಕಿರುವ ತೊರವಿಯ ಬಳಿ ಎರಡನೇ ಇಬ್ರಾಹಿಂ ಆದಿಲಶಾಹನು 1599ರಲ್ಲಿ ನವರಸಪುರವನ್ನು ಕಟ್ಟಲಾರಂಭಿಸಿದ. ಅದರ ಸಂಗೀತ ಮಹಲಿನ ಅವಶೇಷ ಇಂದಿಗೂ ಇದೆ. ಸಂಗೀತದಲ್ಲಿ ಮಾತ್ರವಲ್ಲ, ವೈದ್ಯದಲ್ಲಿಯೂ ಆ ಆಸ್ಥಾನ ಎರಡು ಪರಂಪರೆಗಳ ಸಂಗಮವಾಗಿತ್ತು. ಇತಿಹಾಸಕಾರನೆಂದೇ ಪ್ರಸಿದ್ಧನಾದ ಫಿರಿಶ್ತಾ ಭಾರತೀಯ ವೈದ್ಯವನ್ನು ಕುರಿತು ಪಾರ್ಸಿಯಲ್ಲಿ ಒಂದು ಗ್ರಂಥ ಬರೆದಿದ್ದಾನೆ.

ಈ ಎರಡೂ ಪರಂಪರೆಗಳು ಹೆರಿಗೆಯ ಸಂಕಟಕ್ಕೆ ಕಾರಣವನ್ನು ಕೂಸಿನ ಭಂಗಿಯಲ್ಲಿ ಹುಡುಕಿದ್ದವು. ಸುಶ್ರುತ ಸಂಹಿತೆಯು ಅಡ್ಡ ಸಿಲುಕಿದ ಕೂಸನ್ನು 'ಪರಿಘ', ಅಂದರೆ ಬಾಗಿಲ ಅಗುಳಿ ಎನ್ನುತ್ತದೆ. ಸ್ಪೇನಿನ ಕಾರ್ಡೋಬಾದ ಅಲ್ ಜಹ್ರಾವಿ (936-1013) ತಲೆ ಮುಂದಾಗಿ ಬರುವುದೇ ಸಹಜವೆಂದು ಹೇಳಿ, ಕಾಲು, ಕೈ, ಮೊಣಕಾಲು ಮುಂದಾದಾಗ ಸೂಲಗಿತ್ತಿ ಏನು ಮಾಡಬೇಕೆಂದು ವಿವರಿಸಿದ.

ಇಂದಿನ ವೈದ್ಯಶಾಸ್ತ್ರ ಇದನ್ನು ಅಳತೆಯಲ್ಲಿ ಹೇಳುತ್ತದೆ. ಕೂಸು ಗದ್ದವನ್ನು ಎದೆಗೊತ್ತಿ, ಹಿಂದಲೆಯನ್ನು ತಾಯಿಯ ಹೊಟ್ಟೆಯ ಕಡೆಗೆ ಮಾಡಿಕೊಂಡಿದ್ದರೆ ದಾರಿಗೆ ಎದುರಾಗುವ ತಲೆಯ ಅಗಲ ಸುಮಾರು 9.5 ಸೆಂ.ಮೀ. ಹಿಂದಲೆ ತಾಯಿಯ ಬೆನ್ನಿನ ಕಡೆಗಿದ್ದು ಗದ್ದ ಮೇಲೆದ್ದಿದ್ದರೆ ಅದು ಸುಮಾರು 11.5 ಸೆಂ.ಮೀ. ಆಗಬಹುದು. ಆಗ ತಲೆ ಸೊಂಟದ ಹಿಂದಿನ ಮೂಳೆಯನ್ನು ಒತ್ತುತ್ತದೆ, ಹೆರಿಗೆ ನಿಧಾನವಾಗುತ್ತದೆ, ನೋವು ಬೆನ್ನಿಗೇ ಕಟ್ಟಿಕೊಳ್ಳುತ್ತದೆ. ಇಂಥ ಹೆಚ್ಚಿನ ಕೂಸುಗಳು ಹೆರಿಗೆಯ ನಡುವೆ ತಾವಾಗಿಯೇ ತಿರುಗುತ್ತವೆ. ದಿನ ತುಂಬಿದಾಗಲೂ ಕುಂಡೆ ಅಥವಾ ಕಾಲು ಮುಂದಾಗಿ ಉಳಿಯುವ ಕೂಸುಗಳು ನೂರಕ್ಕೆ ಮೂರ್ನಾಲ್ಕು. ಅಡ್ಡವಾಗಿಯೇ ಉಳಿದ ಕೂಸಿಗೆ ಶಸ್ತ್ರಚಿಕಿತ್ಸೆಯೇ ದಾರಿ. ಅದು ತಡವಾದರೆ ತಾಯಿ ಮತ್ತು ಕೂಸು ಇಬ್ಬರ ಪ್ರಾಣಕ್ಕೂ ಅಪಾಯ.

ಈ ಜ್ಞಾನ ಬಹುಕಾಲ ಉಳಿದದ್ದು ಹೆಂಗಸರ ಕೈಗಳಲ್ಲಿ. ಶಾಲೆಯ ಮೆಟ್ಟಿಲು ಹತ್ತದ ಪಾವಗಡದ ಸೂಲಗಿತ್ತಿ ನರಸಮ್ಮ ಹೊಟ್ಟೆ ಮುಟ್ಟಿಯೇ ಕೂಸಿನ ಇರುವಿಕೆಯನ್ನು ತಿಳಿಯುತ್ತಿದ್ದರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು; ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಈಗ ಹೆರಿಗೆ ಆಸ್ಪತ್ರೆಗೆ ಬಂದಿದೆ. ಅದು ಒಳ್ಳೆಯದೇ, ಅನೇಕ ಜೀವಗಳು ಅದರಿಂದ ಉಳಿದಿವೆ. ಆದರೆ 'ಬೆನ್ನು ಸೀಳುತ್ತಿದೆ' ಎನ್ನುವವಳಿಗೆ 'ಎಲ್ಲರೂ ಹಡೆದಿಲ್ಲವೇ?' ಎಂಬ ಗದರಿಕೆ ಮನೆಯಲ್ಲೂ ವಾರ್ಡಿನಲ್ಲೂ ನಿಂತಿಲ್ಲ. ಅವಳ ನೋವು ಹೇಡಿತನವಲ್ಲ. ಒಳಗಿನ ಕೂಸು ಹೇಗಿದೆ ಎಂಬುದರ ಸುಳಿವಾಗಿರಬಹುದು. ಬೆನ್ನು ನೀವುವುದು, ಮಗ್ಗುಲಾಗಲು, ಮುಂದಕ್ಕೆ ಬಾಗಲು ಬಿಡುವುದು, ನೋವು ತಗ್ಗಿಸುವ ಮದ್ದು ಇವೆಲ್ಲ ಅವಳಿಗೆ ನೆರವಾಗುತ್ತವೆ. ಅದಕ್ಕೆ ಮೊದಲು ಅವಳ ಮಾತನ್ನು ನಂಬಬೇಕಷ್ಟೆ.