ಬೇಸಗೆಯ ಕಡೆಯ ಹಿತ್ತಿಲು

ಮನೆಯ ಹಿಂದಣ ನೆಲಕ್ಕೆ ಕನ್ನಡದಲ್ಲಿ ಹಿತ್ತಿಲು ಎಂದು ಹೆಸರು. ಪಾಲು ಹಾಲಾದಂತೆ, ಪೂವು ಹೂವಾದಂತೆ, ಹಳಗನ್ನಡದ ‘ಪಿತ್ತಿಲ್’ ಎಂಬುದು ಪಕಾರವನ್ನು ಕಳೆದುಕೊಂಡು ಈ ರೂಪವನ್ನು ತಾಳಿತು. ಹಿಂದೆ ಎಂಬರ್ಥದ ‘ಪಿನ್’ ಎಂಬುದೇ ಇದರ ಮೂಲ. ಹಿತ್ತಿಲಿನ ಚರಿತ್ರೆಯ ಒಂದು ಮುಖ್ಯ ಸಂಗತಿಯು ಈ ಹೆಸರಿನಲ್ಲಿಯೇ ಅಡಗಿರುವುದು: ಅದು ಮುಂಬಾಗಿಲಿಗೆ ಬಂದವರ ಕಣ್ಣಿಗೆ ಬೀಳತಕ್ಕುದಲ್ಲ. ಅರಸರು ದತ್ತಿ ಬಿಟ್ಟ ಗದ್ದೆ, ಬೆದ್ದಲು, ತೋಂಟಗಳನ್ನು ಶಾಸನಗಳು ಎಲ್ಲೆಕಟ್ಟುಗಳೊಡನೆ ವಿವರಿಸುತ್ತವೆ. ಬಸಳೆಯ ಚಪ್ಪರವೊಂದರ ಎಲ್ಲೆಯನ್ನು ಕಲ್ಲಿನಲ್ಲಿ ಕೊರೆಯಿಸುವವರಾರು? ಕಂದಾಯದ ಕಡತಕ್ಕೆ ಸೇರದ ವಸ್ತುವು ಚರಿತ್ರೆಗೂ ಸೇರದೆ ಹೋಗುವುದು ನಮ್ಮಲ್ಲಿ ಹೊಸತೇನೂ ಅಲ್ಲ. ಆದರೆ ಊಟದೆಲೆಯ ಮೇಲಿನ ಪಲ್ಯ, ಹುಳಿ, ಗೊಜ್ಜುಗಳಿಗೆ ಶತಮಾನಗಳಿಂದ ಕಾಯಿಪಲ್ಯವನ್ನೊದಗಿಸಿದ ನೆಲವು ಬಹುಮಟ್ಟಿಗೆ ಇದೇ.

ಹಿತ್ತಿಲಿನ ವರ್ಷದಲ್ಲಿ ಅತ್ಯಂತ ಬಿಡುವಿಲ್ಲದ ಕಾಲವೆಂದರೆ ಬೇಸಗೆಯ ಕೊನೆಯ ಒಂದೂವರೆ ತಿಂಗಳು. ಕರಾವಳಿಯಲ್ಲಿ ಇದರ ಕಾರಣವು ಸ್ಪಷ್ಟವಾಗಿದೆ. ಅಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ. ಅದರ ಬಹುಭಾಗವು ಜೂನ್ ತಿಂಗಳಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಆ ಜಡಿಮಳೆಯಲ್ಲಿ ಹೂವು ಕಾಯಿಗಟ್ಟದು, ಸೊಪ್ಪು ಕೊಳೆಯುವುದು, ಸಂತೆಗೆ ಹೋಗುವ ದಾರಿಯೇ ಹಿಂದೆ ಮುಚ್ಚಿಹೋಗುತ್ತಿತ್ತು. ಆದುದರಿಂದ ವೈಶಾಖದ ಬಿಸಿಲು ಇರುವಾಗಲೇ ಮಳೆಗಾಲದ ಅಡಿಗೆಗೆ ಬೇಕಾದುದೆಲ್ಲವೂ ಅಟ್ಟಕ್ಕೇರಬೇಕು. ಮುಂದಿನ ಬೆಳೆಯ ಬೀಜವೂ ನೆಲಕ್ಕೆ ಬೀಳುವಂತೆ ಸಿದ್ಧವಾಗಬೇಕು. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನವನ್ನು ‘ಪತ್ತನಾಜೆ’ ಎನ್ನುವರು. ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಆ ದಿನಕ್ಕೆ ಯಕ್ಷಗಾನ ಮೇಳಗಳ ತಿರುಗಾಟವೂ ಭೂತಗಳ ಕೋಲ ನೇಮಗಳೂ ನಿಲ್ಲುತ್ತವೆ. ಗೆಜ್ಜೆ ಬಿಚ್ಚಿದ ಮೇಲೆ ಹಾರೆ ಹಿಡಿಯುವುದೇ ಉಳಿದ ಕೆಲಸ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಪಂಚಾಂಗದಲ್ಲಿ ರೋಹಿಣಿ ಮಳೆಯು ಕಾಲಿಡುತ್ತದೆ.

ಈ ಕೆಲಸಗಳಲ್ಲಿ ಮೊದಲನೆಯದು ಸುಡುಮಣ್ಣು. ಮರಗಳಡಿಯಲ್ಲಿ ಬಿದ್ದ ತರಗೆಲೆಯನ್ನೂ ಒಣಕಸವನ್ನೂ ಗುಡ್ಡೆ ಹಾಕಿ, ಮೇಲೆ ಮಣ್ಣು ಮುಚ್ಚಿ, ಒಳಗೊಳಗೇ ನಿಧಾನವಾಗಿ ಬೇಯುವಂತೆ ಬೆಂಕಿಯಿಡುವರು. ಬೂದಿಯ ಸಾರವು ಮಣ್ಣಿಗೆ ಸೇರುವುದು, ಕಳೆಯ ಬೀಜವೂ ಹುಳುವಿನ ಮೊಟ್ಟೆಯೂ ಸಾಯುವುವು. ತಣಿದ ಮಣ್ಣನ್ನು ಹಟ್ಟಿಗೊಬ್ಬರದೊಡನೆ ಬೆರಸಿ ಹೀರೆ, ಪಡುವಲ, ಹಾಗಲಗಳ ಗುಣಿಗಳಿಗೆ ತುಂಬುವರು. ಅರಿಸಿನ, ಶುಂಠಿ, ಸುವರ್ಣಗೆಡ್ಡೆ, ಕೆಸುಗಳ ಗೆಡ್ಡೆಗಳನ್ನು ಮೊದಲ ಮಳೆ ಬಿದ್ದೊಡನೆ ಊರಬೇಕು. ನೀರು ನಿಂತರೆ ಕೊಳೆಯುವುದರಿಂದ ಏರಿಯನ್ನು ಮೊದಲೇ ಎತ್ತರಿಸಬೇಕು. ಬಾವಿಯ ನೀರು ತಳ ಕಾಣುವ ಆ ದಿನಗಳಲ್ಲಿ ಬಸಳೆ ಬಾಳೆಗಳನ್ನು ಕಾಪಾಡುತ್ತಿದ್ದುದು ಬಚ್ಚಲಿನ ನೀರು. ಬಚ್ಚಲ ಕಾಲುವೆಯು ಎಲ್ಲಿ ಹರಿಯಿತೋ ಅಲ್ಲಿಯೇ ಬಾಳೆಯ ಹಿಂಡಿಲು ಬೆಳೆಯಿತೆಂಬುದನ್ನು ಹಳೆಯ ಮನೆಗಳ ವಿನ್ಯಾಸದಲ್ಲಿ ಇಂದಿಗೂ ನೋಡಬಹುದು.

ಫಲಗಳ ವಿಷಯಕ್ಕೆ ಬಂದರೆ, ಬೇಸಗೆಯ ಗದ್ದೆ ಹಿತ್ತಿಲುಗಳಲ್ಲಿ ಬಲಿತ ಸೌತೆಯೇ ಕರಾವಳಿಯ ದೊಡ್ಡ ಆಸ್ತಿ. ಹೊರಗೆ ಮಂಗಳೂರು ಸೌತೆಯೆಂದು ಹೆಸರಾದ ಈ ಕಾಯಿಯನ್ನು ಬಾಳೆಯ ನಾರಿನಲ್ಲಿ ಕಟ್ಟಿ ಅಟ್ಟದ ತೊಲೆಗಳಿಗೆ ಸಾಲಾಗಿ ತೂಗಹಾಕುವರು. ನೆಲಕ್ಕೂ ಒಂದಕ್ಕೊಂದಕ್ಕೂ ತಾಗದೆ ಗಾಳಿಯಾಡುತ್ತಿದ್ದರೆ ಅದು ಮಳೆಗಾಲವನ್ನು ದಾಟಬಲ್ಲುದು. ಬೂದುಗುಂಬಳಕ್ಕೆ ಅದರ ಮೈಮೇಲಿನ ಬೂದಿಯೇ ರಕ್ಷೆ. ಹಲಸಿನ ಬಲಿತ ತೊಳೆಯು ಉಪ್ಪಿನೊಡನೆ ಭರಣಿಗೆ ಸೇರಿ ಉಪ್ಪುಸೊಳೆಯಾಗುವುದು, ಉಳಿದದ್ದು ಬಿಸಿಲಿನಲ್ಲಿ ಹಪ್ಪಳವಾಗುವುದು; ಬೀಜವು ಕೆಮ್ಮಣ್ಣು ಮೆತ್ತಿಸಿಕೊಂಡು ಮೂಲೆಯಲ್ಲಿ ಕುಳಿತುಕೊಳ್ಳುವುದು. ಮಾವಿನ ಮಿಡಿಯ ಕತೆಯನ್ನು ಯಾವ ಗೃಹಿಣಿಗೂ ಹೇಳಬೇಕಾಗಿಲ್ಲ. ಇವೆಲ್ಲವೂ ರುಚಿಗಾಗಿ ಹುಟ್ಟಿದ ಪಾಕಗಳೆಂದು ಇಂದಿನವರು ತಿಳಿಯುವುದುಂಟು. ಆಷಾಢದಲ್ಲಿ ಬೇರೇನೂ ಇಲ್ಲದ ಮನೆಗೆ ಅವು ಹೊಟ್ಟೆಯ ಆಧಾರವಾಗಿದ್ದುವು.

ಈ ಹಿತ್ತಿಲಿನ ಹಳೆಯ ರೂಪವನ್ನು ತಿಳಿಯಲು ಕನ್ನಡಿಗರಿಗೆ ದೊರೆಯುವ ಸಾಕ್ಷ್ಯವು ಅಲ್ಪವಾದರೂ ಬೆಲೆಯುಳ್ಳದ್ದು. ಚಾಲುಕ್ಯ ಜಯಸಿಂಹನ ಕಾಲದಲ್ಲಿದ್ದ ಇಮ್ಮಡಿ ಚಾವುಂಡರಾಯನು ಸುಮಾರು ಕ್ರಿ. ಶ. 1025ರಲ್ಲಿ ರಚಿಸಿದ ‘ಲೋಕೋಪಕಾರ’ವು ನೆಲದೊಳಗಿನ ನೀರನ್ನು ಕಾಣುವ ಬಗೆ, ವೃಕ್ಷಾಯುರ್ವೇದ, ಸೂಪಶಾಸ್ತ್ರ ಇವು ಮೂರನ್ನೂ ಒಂದೇ ಗ್ರಂಥದಲ್ಲಿ ಹೇಳುತ್ತದೆ. ಬಾವಿ, ಗಿಡ, ಒಲೆ ಇವು ಒಂದೇ ಸರಪಳಿಯ ಕೊಂಡಿಗಳೆಂಬ ತಿಳಿವಳಿಕೆಯು ಆ ಕಾಲದ ಗೃಹಸ್ಥನಿಗೆ ಇದ್ದಿತೆಂಬುದಕ್ಕೆ ಬೇರೆ ಪ್ರಮಾಣವು ಬೇಡ. ಅವನಿಂದ ಒಂದು ಶತಮಾನದ ಬಳಿಕ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಹುಟ್ಟಿತು, ಆದರೆ ಅದು ಅರಮನೆಯ ಅಡಿಗೆ, ಬಡವನ ಹಿತ್ತಿಲಿಗೆ ಅಷ್ಟಾಗಿ ಸಾಕ್ಷಿಯಾಗದು. ಹೆಚ್ಚಿನ ಬೆಲೆಯುಳ್ಳದ್ದು ಮೂರನೆಯ ಮಂಗರಸನು ಸುಮಾರು 1508ರಲ್ಲಿ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’. ಬದನೆಯೊಂದಕ್ಕೇ ಅಲ್ಲಿ ಹತ್ತಾರು ಪಾಕಗಳುಂಟು. ಬಾಳೆ ಹಲಸುಗಳಿಗೂ ಗೌರವದ ಸ್ಥಾನವಿದೆ. ಕಾಲವನ್ನು ಗಮನಿಸಬೇಕು. ವಾಸ್ಕೋಡಗಾಮನು 1498ರಲ್ಲಿ ಕಲ್ಲಿಕೋಟೆಗೆ ಬಂದು ಹತ್ತು ವರ್ಷಗಳಾಗಿದ್ದುವು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅಮೇರಿಕಾ ಖಂಡದ ಗಿಡಗಳು ನಮ್ಮ ಬೇಲಿಯನ್ನು ದಾಟುವುದಕ್ಕೆ ಮುಂಚೆ ಕನ್ನಡ ನಾಡಿನ ಅಡಿಗೆಮನೆಯು ಹೇಗಿದ್ದಿತೆಂಬುದರ ಕಡೆಯ ಚಿತ್ರವನ್ನು ಮಂಗರಸನು, ತಾನರಿಯದೆಯೇ, ಬರೆದಿಟ್ಟು ಹೋದನೆನ್ನಬಹುದು.

ಆಮೇಲೆ ಬಂದ ಅತಿಥಿಗಳ ಕುಲವನ್ನು ಅವುಗಳ ಹೆಸರುಗಳೇ ಹೇಳುತ್ತವೆ, ಕೆಲವೊಮ್ಮೆ ತಪ್ಪಾಗಿ ಹೇಳುತ್ತವೆ. ಖಾರದ ಹೊಸ ಕಾಯಿಗೆ ಬೇರೆ ಹೆಸರನ್ನು ಹುಡುಕದೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿಯೆಂದರು. ಕಡೆಗೆ ಮೂಲದ ಮೆಣಸೇ ‘ಕರಿಮೆಣಸು’ ಎಂದು ವಿಶೇಷಣವನ್ನು ಹೊರಬೇಕಾಯಿತು. ಪರಂಗಿಯವರು ತಂದದ್ದು ಪರಂಗಿಹಣ್ಣು. ಕರಾವಳಿಯ ಬಟಾಟೆಯು ಪೋರ್ಚುಗೀಸರ ಬಾಯಿಂದಲೇ ಬಂದ ಮಾತು. ಸಿಹಿಗುಂಬಳವನ್ನು ಕರಾವಳಿಯ ಕೆಲವರು ಚೀನಿಕಾಯಿ ಎನ್ನುವರು. ಅದರ ತವರು ಚೀನವಲ್ಲ, ಅಮೇರಿಕವೇ. ಇವುಗಳಲ್ಲಿ ಯಾವುವು ಹೊಸವು ಎಂಬ ನೆನಪನ್ನು ಗ್ರಂಥಗಳಿಗಿಂತ ಚೆನ್ನಾಗಿ ಕಾಪಾಡಿರುವುದು ಶ್ರಾದ್ಧದ ಅಡಿಗೆ. ಅನೇಕ ಮನೆಗಳಲ್ಲಿ ಆ ದಿನ ಮೆಣಸಿನಕಾಯಿಯ ಬದಲು ಕರಿಮೆಣಸನ್ನು ಬಳಸುವರು. ಆಲೂಗಡ್ಡೆ, ಟೊಮೇಟೊ, ಎಲೆಕೋಸುಗಳಿಗೆ ಒಳಗೆ ಪ್ರವೇಶವಿಲ್ಲ. ಬಾಳೆಕಾಯಿ, ಹಾಗಲ, ಕೆಸು ಮೊದಲಾದುವು ಎಲೆಯ ಮೇಲೆ ಬರುತ್ತವೆ. ಪಿತೃಗಳು ಉಂಡರಿಯದ್ದನ್ನು ಅವರಿಗೆ ಬಡಿಸಲಾಗದೆಂಬ ಸಂಕೋಚವು ನಾಲ್ಕು ಶತಮಾನಗಳ ಹಿಂದಿನ ಹಿತ್ತಿಲನ್ನು ವರ್ಷಕ್ಕೊಮ್ಮೆ ಮತ್ತೆ ಎಲೆಯ ಮೇಲೆ ಹರಡುತ್ತದೆ.

1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು ತರಕಾರಿ ತೋಟ, ತೆಂಗಿನ ತೋಟ, ಎಲೆತೋಟ, ಹೂದೋಟಗಳನ್ನು ಬೇರೆ ಬೇರೆಯಾಗಿ ಎಣಿಸಿದನು. ಅವನ ಶ್ರದ್ಧೆಯು ಮೆಚ್ಚತಕ್ಕುದೇ ಸರಿ. ಆದರೆ ಅವನ ಪ್ರಶ್ನೆಯು ಕಂಪೆನಿ ಸರ್ಕಾರದ ಪ್ರಶ್ನೆ, ಎಂದರೆ ಹುಟ್ಟುವಳಿ ಎಷ್ಟು, ತೆರಿಗೆ ಎಷ್ಟು ಎಂಬುದು. ಮಾರಾಟಕ್ಕೆ ಬರದ ಕಾಯಿಗೆ ಅಲ್ಲಿ ಉತ್ತರ ಸಿಕ್ಕುವುದು ಕಷ್ಟ. ಹೈದರಾಲಿಯು 1760ರಲ್ಲಿ ತೊಡಗಿದ ಲಾಲ್‌ಬಾಗು 1856ರಲ್ಲಿ ಸರ್ಕಾರದ ಸಸ್ಯೋದ್ಯಾನವಾಯಿತು. 1874ರಲ್ಲಿ ಅದರ ಆಡಳಿತಕ್ಕೆ ಬಂದ ಜಾನ್ ಕ್ಯಾಮರಾನನು ಪರದೇಶದ ಹಲವು ಗಿಡಗಳನ್ನು ತರಿಸಿ ಹಂಚಿದನು. ಸೀಮೆಬದನೆಯು ಅವನ ಕಾಣಿಕೆಯೆಂದು ಹೇಳುವರು. ಬದನೆಯ ಕುಲಕ್ಕೆ ಸೇರದ, ಸೌತೆ ಸೋರೆಗಳ ನಂಟನಾದ ಈ ಬಳ್ಳಿಯು ಬೆಂಗಳೂರಿನ ಮನೆಮನೆಯ ಚಪ್ಪರವನ್ನೇರಿತು. ತಮಿಳರೂ ತೆಲುಗರೂ ಅದನ್ನು ಬೆಂಗಳೂರಿನ ಬದನೆಯೆಂದೇ ಕರೆದರು. ಮೆಕ್ಸಿಕೋ ದೇಶದ ಕಾಯಿಗೆ ಕನ್ನಡ ನಾಡಿನ ಊರೊಂದು ಇನಿಷಿಯಲ್ಲಾದದ್ದು ವಿನೋದವೇ.

ಹೀಗೆ ಹೊಸತನ್ನು ಒಳಗೆ ಬಿಟ್ಟುಕೊಂಡರೂ ಹಳೆಯದನ್ನು ಬಿಡದಂತೆ ನೋಡಿಕೊಂಡವರು ಮನೆಯ ಹೆಂಗಸರು. ಬೇಸಗೆಯ ಕೊನೆಯ ಕೆಲಸಗಳಲ್ಲಿ ಎಲ್ಲಕ್ಕೂ ಗಹನವಾದದ್ದು ಬೀಜದ ಕೆಲಸ. ಎಲ್ಲಕ್ಕಿಂತ ಚೆನ್ನಾದ ಕಾಯಿಯನ್ನು ತಿನ್ನದೆ ಬಳ್ಳಿಯಲ್ಲಿಯೇ ಬಲಿಯಲು ಬಿಡುವರು. ತಿರುಳಿನಿಂದ ತೊಳೆದು ತೆಗೆದ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ನೆರಳಿನಲ್ಲಿ ಒಣಗಿಸಿ, ಕೆಲವನ್ನು ಸಗಣಿಯೊಡನೆ ಗೋಡೆಗೆ ಮೆತ್ತಿ, ಕೆಲವನ್ನು ಒಲೆಯ ಹೊಗೆ ತಾಗುವ ಎಡೆಯಲ್ಲಿ ಕಟ್ಟಿಡುವರು. ಯಾವ ಹೀರೆಯು ಬೇಗ ನಾರಾಗುವುದಿಲ್ಲ, ಯಾವ ಹಾಗಲವು ಮಳೆಯನ್ನು ತಡೆಯುವುದು ಎಂಬ ವಿವೇಚನೆಯೆಲ್ಲವೂ ಆ ಒಂದು ಕಾಯಿಯ ಆಯ್ಕೆಯಲ್ಲಿ ಇದ್ದಿತು. ಮದುವೆಯಾಗಿ ಹೋದ ಮಗಳು ತವರಿನಿಂದ ಒಯ್ದ ಗಂಟಿನೊಡನೆ ಒಂದು ತಳಿಯು ಊರಿಂದೂರಿಗೆ ಹೋಗುತ್ತಿತ್ತು. ಅಂಗಡಿಯ ಸಂಕರ ಬೀಜದ ಪೊಟ್ಟಣವು ಬಂದ ಮೇಲೆ ಈ ಕೆಲಸಕ್ಕೆ ಅರ್ಥವೇ ಇಲ್ಲದಾಯಿತು. ಸಂಕರ ಗಿಡದ ಬೀಜವನ್ನು ಮತ್ತೆ ಬಿತ್ತಿದರೆ ತಾಯಿಯಂತಹ ಮಗು ಹುಟ್ಟದು, ವರ್ಷವರ್ಷವೂ ಕೊಳ್ಳಲೇಬೇಕು. ಅದರ ಇಳುವರಿ ದೊಡ್ಡದೆಂಬುದು ಸುಳ್ಳಲ್ಲ. ಆದರೆ ಎರಡು ಮಳೆಗಾಲ ಬಿತ್ತದೆ ಬಿಟ್ಟ ಮನೆಬೀಜವು ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳತೊಡಗುತ್ತದೆ, ಕೆಲವು ವರ್ಷಗಳಲ್ಲಿ ತಳಿಯೇ ಇಲ್ಲವಾಗುತ್ತದೆ. ಹಾಗೆ ಹೋದುವೆಷ್ಟೆಂದು ಎಣಿಸಿದವರಿಲ್ಲ, ಇದ್ದುವೆಷ್ಟೆಂದು ಬರೆದಿಟ್ಟವರೇ ಇಲ್ಲವಷ್ಟೆ.

ಉಳಿದುಬಂದುದರ ಉದಾಹರಣೆಯಾಗಿ ಉಡುಪಿಯ ಬಳಿಯ ಮಟ್ಟುಗುಳ್ಳವನ್ನು ನೋಡಬಹುದು. ಕಡಲಿಗೆ ಸಮೀಪದ ಮಟ್ಟು ಗ್ರಾಮದಲ್ಲಿ, ಮಳೆಗಾಲದ ಭತ್ತವನ್ನು ಕೊಯ್ದ ಗದ್ದೆಗಳಲ್ಲಿ ಬೆಳೆಯುವ ಈ ತಿಳಿಹಸುರಿನ ಉರುಟು ಬದನೆಯ ಬೀಜವನ್ನು ಸೋದೆ ಮಠದ ವಾದಿರಾಜರು ಊರವರಿಗೆ ಕೊಟ್ಟರೆಂಬುದು ಐತಿಹ್ಯ. ಐತಿಹ್ಯವನ್ನು ಚರಿತ್ರೆಯ ಒರೆಗಲ್ಲಿಗೆ ಹಚ್ಚುವುದು ಕಷ್ಟವಾದರೂ, ಕೃಷ್ಣಮಠಕ್ಕೆ ಕಾಯಿಯನ್ನು ಒಪ್ಪಿಸುವ ಕಟ್ಟುಪಾಡಿನಿಂದ ತಳಿಯು ಶುದ್ಧವಾಗಿ ಉಳಿಯಿತೆಂಬುದು ಸಂದೇಹವಿಲ್ಲದ ಮಾತು. ಹುಳುವನ್ನು ಕೊಲ್ಲುವ ಬ್ಯಾಕ್ಟೀರಿಯಾದ ಗುಣವನ್ನು ಬದನೆಯೊಳಗೆ ಸೇರಿಸುವ ಬಿ.ಟಿ. ಪ್ರಯೋಗಕ್ಕೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಎತ್ತಿಕೊಂಡ ತಳಿಗಳಲ್ಲಿ ಉಡುಪಿಯ ಗುಳ್ಳವೂ ಒಂದಾಗಿದ್ದಿತು. ಬೆಂಗಳೂರನ್ನೊಳಗೊಂಡು ಹಲವು ನಗರಗಳಲ್ಲಿ ಸಾರ್ವಜನಿಕರ ಅಭಿಪ್ರಾಯವನ್ನು ಕೇಳಿದ ಕೇಂದ್ರ ಸರ್ಕಾರವು 2010ರ ಫೆಬ್ರವರಿಯಲ್ಲಿ ಬಿ.ಟಿ. ಬದನೆಯನ್ನು ಬೆಳೆಗೆ ಬಿಡುವುದನ್ನು ತಡೆಹಿಡಿಯಿತು. ಮರುವರ್ಷ, 2011ರಲ್ಲಿ, ಮಟ್ಟುಗುಳ್ಳಕ್ಕೆ ಭೌಗೋಳಿಕ ಗುರುತಿನ ಮನ್ನಣೆಯು ದೊರೆಯಿತು. ಬೇಸಗೆಯ ಕೊನೆಗೆ ಅಲ್ಲಿನ ಗದ್ದೆಗಳಲ್ಲಿ ಗಿಡಗಳು ಬಾಡುತ್ತಿರುವಾಗ, ಕೀಳದೆ ಬಿಟ್ಟ ಕೆಲವು ಕಾಯಿಗಳು ಹಳದಿಗೆ ತಿರುಗುತ್ತಿರುತ್ತವೆ. ಭತ್ತದ ಬೆಳೆಯು ಕಳೆದ ಮೇಲೆ ಸಸಿಮಡಿಗೆ ಬೀಳತಕ್ಕ ಬೀಜವು ಅವುಗಳೊಳಗಿದೆ.