ಹಿರಿಕೂಸಿನ ಪಾಲು

ಬಾಣಂತನದ ಬಗ್ಗೆ ಬರೆದದ್ದನ್ನು ಓದುತ್ತ ಹೋದರೆ ಆ ಮನೆಯಲ್ಲಿ ಇದ್ದವರು ಇಬ್ಬರೇ ಅನಿಸುತ್ತದೆ: ಬಾಣಂತಿ, ಅವಳ ಮಗ್ಗುಲಿನ ಎಳೆಗೂಸು. ಎಣ್ಣೆ, ನೀರು, ಹೊಗೆ, ಕಷಾಯ, ಅಳವಿ ಪಾಯಸ, ಅಂಟಿನ ಉಂಡೆ, ಎಲ್ಲವೂ ಅವರಿಬ್ಬರ ಸುತ್ತಲೇ. ಆದರೆ ಚೊಚ್ಚಲ ಬಾಣಂತನ ಒಂದನ್ನು ಬಿಟ್ಟರೆ ಉಳಿದವುಗಳಲ್ಲಿ ಇನ್ನೊಂದು ಜೀವವೂ ಇರುತ್ತದೆ. ಎರಡು, ಎರಡೂವರೆ ವರ್ಷದ್ದು. ನಿನ್ನೆಯ ತನಕ ಅವ್ವನ ತೊಡೆ ತನ್ನದೇ ಎಂದು ತಿಳಿದಿದ್ದದ್ದು, ಇವತ್ತು ಕೋಣೆಯ ಹೊಸ್ತಿಲಾಚೆ ನಿಂತು ಅಳುತ್ತಿರುವುದು. ನಮ್ಮ ಮನೆಯಲ್ಲಿ ಅದನ್ನು ಹಿರಿಕೂಸು ಅನ್ನುತ್ತಿದ್ದರು. ಅದಕ್ಕೆ ಉಣಿಸಿದವರು ಯಾರು, ರಾತ್ರಿ ಅದು ಯಾರ ಮಗ್ಗುಲಲ್ಲಿ ಮಲಗಿತು ಎಂಬುದನ್ನು ಹುಡುಕಿಕೊಂಡು ಹೋದರೆ ಬಾಣಂತನದ ಚರಿತ್ರೆಯೇ ಬೇರೆಯಾಗಿ ಕಾಣುತ್ತದೆ. ಧಾರವಾಡದಲ್ಲಿ ಕನ್ನಡ ಸಾಲಿಯ ಅಕ್ಕೋರಾಗಿ ನಿವೃತ್ತಳಾದ ಮೇಲೆ ನಾನು ಮಗಳ ಎರಡನೆಯ ಬಾಣಂತನ ಮಾಡಿದೆ. ಅಜ್ಜಿ, ಅಜ್ಜಿಯ ತಂಗಿ, ನನ್ನ ತಾಯಿ ಆಗಾಗ ಹೇಳಿದ್ದ ಮಾತುಗಳೆಲ್ಲ ಆಗ ಒಂದೊಂದಾಗಿ ನೆನಪಿಗೆ ಬಂದವು.

ಅಜ್ಜಿ ಹಡೆದದ್ದು 1930, 40ರ ದಶಕಗಳಲ್ಲಿ. ವೈದಿಕರ ಮನೆ. ಹೆರಿಗೆಯಾದ ಹತ್ತು ದಿನ ಪುರುಡು. ನಡುಮನೆಯ ಪಕ್ಕದ ಕತ್ತಲ ಕೋಣೆಯಲ್ಲಿ ಒಂದು ಹೊರಸು, ಅದರ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಬಾಗಿಲಿಗೆ ಬೇವಿನ ತೊಪ್ಪಲು. ಸೂಲಗಿತ್ತಿಯೊಬ್ಬಳೇ ಒಳಗೆ ಹೋಗಿ ತಾಯಿಗೂ ಕೂಸಿಗೂ ಎರೆದು ಬರುವಳು. ಊಟದ ತಾಟನ್ನು ಹೊಸ್ತಿಲ ಮೇಲಿಂದ ಸರಿಸುವುದು. ದೊಡ್ಡವರು ಮುಟ್ಟಿದರೆ ಉಟ್ಟ ಬಟ್ಟೆಯೊಂದಿಗೆ ಸ್ನಾನ. ಇದೆಲ್ಲ ಎರಡು ವರ್ಷದ ಕೂಸಿಗೆ ತಿಳಿಯುವುದು ಹೇಗೆ? ಹೆಂಗಸರು ಅದಕ್ಕೊಂದು ದಾರಿ ಮಾಡಿಕೊಂಡಿದ್ದರು. ಹೊಸ್ತಿಲಲ್ಲೇ ಹಿರಿಕೂಸಿನ ಅಂಗಿ ಬಿಚ್ಚಿ ಬತ್ತಲೆ ಒಳಗೆ ಬಿಡುವುದು. ಮೈಲಿಗೆ ಹತ್ತುವುದು ಬಟ್ಟೆಗೆ, ಕೂಸಿನ ಮೈಗಲ್ಲ ಎಂಬ ನಂಬಿಕೆ. ಅದು ಅವ್ವನ ಕೊರಳಿಗೆ ಜೋತುಬಿದ್ದು, ಅತ್ತು, ನಿದ್ದೆ ಹೋಗಿ, ಎದ್ದು ಹೊರಗೆ ಬಂದಾಗ ತಲೆಯ ಮೇಲೊಂದು ತಂಬಿಗೆ ಬಿಸಿನೀರು, ಮತ್ತೆ ಅಂಗಿ. “ಅಳೋ ಕೂಸಿಗೆ ಎಲ್ಲೀ ಮಡಿ ಹೇಳ್ತಿ?” ಎನ್ನುತ್ತಿದ್ದಳು ಅಜ್ಜಿ. ಕಟ್ಟಳೆ ಮಾಡಿದವರು ಗಂಡಸರು. ಅದರಲ್ಲಿ ಕೂಸು ನುಸುಳುವಷ್ಟು ಕಿಂಡಿ ಮಾಡಿದವರು ಈ ಹೆಂಗಸರು ಎಂದು ನಾನು ನಂಬಿದ್ದೇನೆ.

ಗೋಡೆಯಾಚೆಯದು ಲಿಂಗಾಯತರ ಮನೆ. ಹನ್ನೆರಡನೆಯ ಶತಮಾನದ ಶರಣರು ತಳ್ಳಿಹಾಕಿದ ಐದು ಸೂತಕಗಳಲ್ಲಿ ಜನನಸೂತಕವೂ ಒಂದು. ಆ ಮನೆಯ ಸೊಸೆ ಹಡೆದಾಗ ಹಿರಿಕೂಸು ಅಂಗಿ ತೊಟ್ಟುಕೊಂಡೇ ಅವಳ ಹೊರಸಿನ ಮೇಲೆ ಮಲಗುತ್ತಿತ್ತು ಎಂದು ಅಜ್ಜಿ ಬೆರಗಿನಿಂದ ಹೇಳುತ್ತಿದ್ದಳು. ತರಗತಿಯಲ್ಲಿ ವಚನ ಚಳವಳಿಯ ಪಾಠ ಮಾಡುವಾಗೆಲ್ಲ ನನಗೆ ಆ ಹೊರಸು ನೆನಪಾಗುತ್ತಿತ್ತು. ನಾವು ಅದನ್ನು ತತ್ವ ಎಂದು ಓದುತ್ತೇವೆ. ಆ ಕೂಸಿನ ಪಾಲಿಗೆ ಅದು ತೆರೆದ ಬಾಗಿಲು.

ಹಿರಿಕೂಸು ಕಳೆದುಕೊಳ್ಳುತ್ತಿದ್ದದ್ದು ಅವ್ವನ ಮಗ್ಗುಲನ್ನು ಮಾತ್ರ ಅಲ್ಲ. ಬಸುರಿಯ ಹಾಲು ಕುಡಿದರೆ ಕೂಸು ಸೊರಗುತ್ತದೆ ಎಂದು ತಿಂಗಳು ನಿಂತದ್ದು ಗೊತ್ತಾದ ಕೂಡಲೇ ಹಾಲು ಬಿಡಿಸುತ್ತಿದ್ದರು. ಮೊಲೆಗೆ ಬೇವಿನ ರಸ ಹಚ್ಚುವುದು. ಅದಕ್ಕೂ ಬಗ್ಗದಿದ್ದರೆ ಕೆಲವು ದಿನ ಅಜ್ಜನ ಮನೆಗೆ ಒಯ್ದು ಬಿಡುವುದು. ಕೂಸು ಸೊರಗುತ್ತಿದ್ದದ್ದು ನಿಜವೇ. ಆದರೆ ಬಸುರಿಯ ಹಾಲು ಕುಡಿದು ಅಲ್ಲ, ಇದ್ದ ಹಾಲೂ ತಪ್ಪಿ ಜೋಳದ ಗಂಜಿ, ನುಚ್ಚಿನ ಮೇಲೆ ನಿಲ್ಲಬೇಕಾಗಿ ಬಂದು. ತಾಯಿ ಗಟ್ಟಿಯಾಗಿದ್ದರೆ ಬಸಿರಿನಲ್ಲೂ ಮೊಲೆ ಕೊಡಬಹುದೆಂದು ಈಗಿನ ವೈದ್ಯರು ಹೇಳುವುದನ್ನು ಅಜ್ಜಿ ಕೇಳಿದ್ದರೆ ಏನನ್ನುತ್ತಿದ್ದಳೋ.

ಎಲ್ಲರ ಕಣ್ಣೂ ಎಳೆಗೂಸಿನ ಮೇಲೇ ಇದ್ದದ್ದಕ್ಕೆ ಕಾರಣವೂ ಇತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಐದು ಮಕ್ಕಳಲ್ಲಿ ಒಂದು ಮೊದಲ ವರ್ಷ ದಾಟುತ್ತಿರಲಿಲ್ಲ. ಕುಡುಗೋಲಿನಿಂದ ಹೊಕ್ಕಳಬಳ್ಳಿ ಕೊಯ್ಯುತ್ತಿದ್ದ ಕಾಲ. ಆ ಗಾಯದಿಂದ ಧನುರ್ವಾಯು ಹತ್ತಿದರೆ ಅದು ತೋರಿಕೊಳ್ಳುವುದು ಹೆಚ್ಚಾಗಿ ಮೊದಲ ಎರಡು ವಾರದೊಳಗೆ, ಏಳನೆಯ ದಿನದ ಸುತ್ತಮುತ್ತ. ಐದನೆಯ ದಿನ ಐದೇಶಿ ಮಾಡಿ, ಸೆಟಿಗೆವ್ವ ಹಣೆಬರಹ ಬರೆಯಲು ಬರುತ್ತಾಳೆಂದು ದೀಪ ಆರದಂತೆ ರಾತ್ರಿಯಿಡೀ ಎದ್ದು ಕೂತವರು ಏನನ್ನು ಕಾಯುತ್ತಿದ್ದರೆಂದು ಇದರಿಂದ ನನಗೆ ಅರ್ಥವಾಗಿದೆ. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲವಾಗಿದೆ ಎಂದು ಘೋಷಣೆಯಾದದ್ದು 2015ರಲ್ಲಿ. ಹಳೆಯ ಬಾಣಂತನವನ್ನು ಕಣ್ಣುಮುಚ್ಚಿ ಹೊಗಳುವವರು ಇದನ್ನು ಮರೆಯಬಾರದು. ಮೊದಲ ಮೂರು ದಿನದ ಹಳದಿ ಹಾಲನ್ನು ಹಿಂಡಿ ಚೆಲ್ಲುತ್ತಿದ್ದದ್ದು, ಬಾಣಂತಿಗೆ ನೀರು ಕೊಡದೆ ಬಾಯಿ ಒಣಗಿಸುತ್ತಿದ್ದದ್ದು ಕೂಡ ಅದೇ ಬಾಣಂತನ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥ ಕೈಗಳೂ ಇದ್ದವು, ಆ ಕುಡುಗೋಲೂ ಇತ್ತು.

ತೊಟ್ಟಿಲಿನ ಮಾತಿಗೆ ಬರುತ್ತೇನೆ. ಹುಬ್ಬಳ್ಳಿಯಿಂದ ಕಾರವಾರದ ದಾರಿ ಹಿಡಿದರೆ ಸಿಗುವ ಕಲಘಟಗಿಯ ಚಿತ್ರಗಾರರು ಮಾಡುವ ತೊಟ್ಟಿಲು ನಮ್ಮ ಸೀಮೆಗೆಲ್ಲ ಹೆಸರುವಾಸಿ. ಸಾಗವಾನಿ ಕಟ್ಟಿಗೆ, ಕಡೆದ ಗುಂಡುಗಳು, ಅರಗಿನಲ್ಲಿ ಕೂಡಿಸಿದ ಕೆಂಪು, ಹಳದಿ, ಹಸಿರು. ಅರಗಿನ ಬಣ್ಣದ ಮೇಲೆ ಕೇದಗಿ ಗರಿ ತಿಕ್ಕಿ ಹೊಳಪು ತರುತ್ತಾರೆ. ಸುತ್ತಲಿನ ಹಲಗೆಗಳ ಮೇಲೆ ರಾಮಾಯಣ, ಮಹಾಭಾರತದ ಕತೆಗಳು, ಕೃಷ್ಣನ ಬಾಲಲೀಲೆ. ನಮ್ಮ ಮನೆಯದು ಅಜ್ಜಿಯ ಚೊಚ್ಚಲಿಗೆ ಅವಳ ತವರಿನಿಂದ ಬಂದದ್ದು. ತಲೆಮಾರುಗಳು ಕಳೆದರೂ ಕೆಂಪು ಮಾಸಿಲ್ಲ. ಬಲಗಡೆಯ ಹಲಗೆಯಲ್ಲಿ ಬೆಣ್ಣೆ ಗಡಿಗೆಗೆ ಕೈ ಹಾಕಿದ ಕೃಷ್ಣನಿದ್ದಾನೆ. ಅವನ ಮುಖ ಮಾತ್ರ ಸವೆದು ಬರೀ ಕಟ್ಟಿಗೆ ಕಾಣುತ್ತದೆ. ಯಾಕೆ ಸವೆಯಿತೆಂದು ಮೊಮ್ಮಗಳನ್ನು ನೋಡಿದಾಗ ತಿಳಿಯಿತು. ಆ ಹಲಗೆ ನೆಲದಿಂದ ಸರಿಯಾಗಿ ಎರಡು ವರ್ಷದ ಮಗುವಿನ ಕೈಯ ಎತ್ತರದಲ್ಲಿದೆ. ಒಳಗೆ ಮಲಗಿದ ಕೂಸಿಗೆ ಆ ಚಿತ್ರ ಕಾಣುವುದೇ ಇಲ್ಲ. ಅದು ಇರುವುದು ಹೊರಗೆ ನಿಂತು ತೊಟ್ಟಿಲು ಹಿಡಿದುಕೊಳ್ಳುವ ಹಿರಿಕೂಸಿಗೆ. ನನ್ನ ಸೋದರಮಾವಂದಿರು, ನನ್ನ ತಾಯಿ, ನಾನು, ನನ್ನ ಮಕ್ಕಳು ಎಲ್ಲರೂ ಸವರಿ ಸವರಿ ಅವನ ಮುಖ ತೆಗೆದಿದ್ದೇವೆ.

ತೊಟ್ಟಿಲು ಒಂದೇ, ಮಕ್ಕಳು ಸಾಲಾಗಿ. ಹೊಸದು ಬಂತೆಂದರೆ ಹಳೆಯದು ಇಳಿಯಬೇಕು. ಹೆಸರಿಡುವ ದಿನ ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ, ಗುಂಡಪ್ಪ ಎಂದು ಕರೆದು, ಕೂಸಿಗಿಂತ ಮೊದಲು ಅದನ್ನೇ ತೊಟ್ಟಿಲಿಗೆ ಹಾಕುವ ಪದ್ಧತಿ ನಮ್ಮಲ್ಲಿದೆ. ಕಲ್ಲಿನಂತೆ ಗಟ್ಟಿಯಾಗಿರಲಿ ಎಂಬ ಹರಕೆ. ಅದನ್ನು ಎತ್ತಿಕೊಡುವ ಕೆಲಸವನ್ನು ನಮ್ಮ ಮನೆಯಲ್ಲಿ ಹಿರಿಕೂಸಿಗೇ ಕೊಡುತ್ತಿದ್ದರು. ಅದರ ಕೈಯ ಕೆಳಗೆ ದೊಡ್ಡವರ ಕೈ ಇರುತ್ತಿತ್ತು, ಆದರೂ ಕೊಟ್ಟದ್ದು ಅದೇ. ಗುಲೇದಗುಡ್ಡದ ಖಣದಲ್ಲಿ ಎಳೆಗೂಸಿಗೆ ಕುಂಚಿಗೆ ಹೊಲಿದರೆ ಉಳಿದ ತುಂಡಿನಲ್ಲಿ ಹಿರಿಯದಕ್ಕೊಂದು ಅಂಗಿ ಏಳಿಸುತ್ತಿದ್ದರು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿ ಬೆನ್ನಿಗೆ ಗುದ್ದು ತಿನ್ನುವಾಗ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದದ್ದು ಹಿರಿಕೂಸು. ಯಾವ ಶಾಸ್ತ್ರಗ್ರಂಥವೂ ಇದನ್ನೆಲ್ಲ ಹೇಳಿರಲಿಕ್ಕಿಲ್ಲ. ಮಗುವನ್ನು ಬಲ್ಲ ಹೆಂಗಸರು ಮಾಡಿದ ಏರ್ಪಾಡು ಇದು.

ಹಬ್ಬ ಮುಗಿದ ಮೇಲೆ ಆ ಮಗುವನ್ನು ಎತ್ತಿಕೊಂಡವರು ಯಾರು? ನಮ್ಮ ಮನೆಯಲ್ಲಿ ಇಬ್ಬರು. ಒಬ್ಬಳು ಅಜ್ಜಿಯ ತಂಗಿ. ಚಿಕ್ಕ ವಯಸ್ಸಿಗೇ ಗಂಡ ಸತ್ತು, ಕೂದಲು ತೆಗೆಸಿಕೊಂಡು, ಅಕ್ಕನ ಮನೆಗೆ ಬಂದು ನಿಂತವಳು. ಅಕ್ಕನ ಮಕ್ಕಳೆಲ್ಲ ಹಾಲು ಬಿಟ್ಟ ಮೇಲೆ ಮಲಗಿದ್ದು ಅವಳ ಕೌದಿಯೊಳಗೆ, ಉಂಡದ್ದು ಅವಳ ಕೈತುತ್ತು. ಆದರೆ ತೊಟ್ಟಿಲ ದಿನ ಅವಳು ನಡುಮನೆಗೆ ಬರುವಂತಿರಲಿಲ್ಲ. ಮುತ್ತೈದೆಯರು ಆರತಿ ಎತ್ತುವಾಗ ಅವಳು ಹಿತ್ತಲ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಗುಂಡಪ್ಪನನ್ನು ಕೊಟ್ಟು ಮುಗಿಸಿದ ಹಿರಿಕೂಸು ಸೀದಾ ಅವಳ ಹತ್ತಿರ ಓಡುತ್ತಿತ್ತು. ಮುತ್ತೈದೆಯರು ತೂಗಿದ ಕೂಸು ಎರಡು ವರ್ಷದ ನಂತರ ಅವಳ ತೊಡೆಗೇ ಬರುತ್ತದೆಂದು ಗೊತ್ತಿದ್ದೂ ಅವಳನ್ನು ಒಳಗೆ ಕರೆಯಲಿಲ್ಲ. ಈ ಅನ್ಯಾಯವನ್ನು ನಾನು ಇನ್ನೂ ಕ್ಷಮಿಸಿಲ್ಲ.

ಇನ್ನೊಬ್ಬಳು ನನ್ನ ತಾಯಿ. ಮೂರನೇ ಇಯತ್ತೆಗೆ ಸಾಲಿ ಬಿಟ್ಟಳು, ತಮ್ಮಂದಿರನ್ನು ಹೊರಲಿಕ್ಕೆ. ಕಂಕುಳಲ್ಲಿ ಒಂದು ಕೂಸು ಇಟ್ಟುಕೊಂಡೇ ಕುಂಟಲಿಪಿ ಆಡುತ್ತಿದ್ದೆ ಎನ್ನುತ್ತಿದ್ದಳು. ಅವಳಿಗೆ ಮಗ್ಗಿ ಇಪ್ಪತ್ತರ ತನಕ ಬರುತ್ತಿತ್ತು, ಕಾಗದ ಬರೆಯಲು ಬರುತ್ತಿರಲಿಲ್ಲ. ಕೂಡುಕುಟುಂಬದಲ್ಲಿ ಮಕ್ಕಳು ತಾವಾಗಿಯೇ ಬೆಳೆದವು ಎಂದು ಈಗ ಹೇಳುವವರಿಗೆ ನನ್ನ ಉತ್ತರ ಇದೇ: ಯಾವ ಮಗುವೂ ತಾನಾಗಿ ಬೆಳೆಯಲಿಲ್ಲ. ಎಂಟು ವರ್ಷದ ಒಬ್ಬ ಹುಡುಗಿಯ ಸೊಂಟದ ಮೇಲೆ ಬೆಳೆಯಿತು.

ಮಕ್ಕಳ ನಡುವೆ ಅಂತರ ಇರಲಿ ಎಂಬ ಮಾತು ಅಷ್ಟರಲ್ಲಿ ಹೊರಗೆ ಶುರುವಾಗಿತ್ತು. ಧಾರವಾಡ ಆಗ ಮುಂಬಯಿ ಪ್ರಾಂತ್ಯದ್ದು. ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು 1921ರಲ್ಲೇ ಸಂತತಿ ನಿಯಂತ್ರಣದ ಚಿಕಿತ್ಸಾಲಯ ತೆರೆದಿದ್ದರು. ಮೈಸೂರು ಸಂಸ್ಥಾನ 1930ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲೇ ಅಂಥ ಚಿಕಿತ್ಸಾಲಯಗಳಿಗೆ ಆದೇಶ ಹೊರಡಿಸಿತು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆ ಬಂದದ್ದು 1935ರಲ್ಲಿ. ನಮ್ಮ ಅಜ್ಜಿಯ ಕೋಣೆಗೆ ಇದಾವುದೂ ತಲುಪಲಿಲ್ಲ. ನನ್ನ ಕಾಲಕ್ಕೆ ಗೋಡೆಗೋಡೆಯ ಮೇಲೂ ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಬಂತು. 2005–06ರ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಾದವು ಶೇಕಡಾ 65ರಷ್ಟು; 2019–20ರ ಹೊತ್ತಿಗೆ ಶೇಕಡಾ 97. ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಈ ಅಂಕಿಗಳಿಗಾಗಿ ನಾನು ಸಂತೋಷಪಡುತ್ತೇನೆ. ಸಾಲಿ ಬಿಟ್ಟ ಅಕ್ಕಂದಿರು ಕಡಿಮೆಯಾದರು. ಆದರೆ ಈಗ ಮನೆಯಲ್ಲಿ ಇರುವವೇ ಎರಡು ಮಕ್ಕಳು. ಒಂದು ಎಳೆಗೂಸು, ಇನ್ನೊಂದು ಹಿರಿಕೂಸು. ಅದನ್ನು ಎತ್ತಿಕೊಳ್ಳಲು ಸಾಲಿನಲ್ಲಿ ಮುಂದೆ ಯಾರೂ ಇಲ್ಲ.

ಮಗಳ ಹೆರಿಗೆಯಾದ ಆಸ್ಪತ್ರೆಯಲ್ಲಿ ವಾರ್ಡಿಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಸೋಂಕಿನ ಭಯ, ಸರಿಯೇ. ಸಿಸೇರಿಯನ್ ಆದ ನಾಲ್ಕು ದಿನ ಮೊಮ್ಮಗಳು ನನ್ನ ಸೆರಗು ಹಿಡಿದು ಗೇಟಿನ ಹೊರಗೆ ನಿಂತಳು. ಅಂಗಿ ಬಿಚ್ಚಿ ಒಳಗೆ ಬಿಡುವ ಉಪಾಯ ಅಲ್ಲಿ ನಡೆಯುವುದಿಲ್ಲ. ಮಗಳು ಹೊಲಿಗೆಯ ನೋವಿಗೆ ಅಳಲಿಲ್ಲ. “ಅಕಿ ಉಂಡಳೇನವ್ವಾ?” ಎಂದು ಫೋನಿನಲ್ಲಿ ಕೇಳಿ ಅತ್ತಳು. ಬಾಣಂತಿಯ ಮನಸ್ಸಿನ ಬಗ್ಗೆ ಕನ್ನಡದಲ್ಲಿ ‘ಶರಪಂಜರ’ ಬರೆದ ತ್ರಿವೇಣಿ 1963ರಲ್ಲಿ, ಮಗಳನ್ನು ಹಡೆದ ಕೆಲವೇ ದಿನಕ್ಕೆ ತೀರಿಕೊಂಡರು, ಇನ್ನೂ ಮೂವತ್ತೈದು ತುಂಬಿರಲಿಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದಾಗ ನಮ್ಮೂರ ಹೆಂಗಸರು ಅತ್ತು ಬಂದರು. ಬಾಣಂತಿಗೆ ಮೈಯಷ್ಟೇ ಅಲ್ಲ, ಮನಸ್ಸೂ ಇದೆ ಎಂದು ಮನೆಮನೆಗೆ ತಿಳಿಸಿದ್ದು ಆ ಕತೆ. ಅವಳ ಮನಸ್ಸಿನ ಅರ್ಧ ಭಾಗ ಹೊಸ್ತಿಲಾಚೆಯ ಮಗುವಿನ ಹತ್ತಿರ ಇರುತ್ತದೆ ಎಂಬುದನ್ನು ನಾನು ಸೇರಿಸುತ್ತೇನೆ.

ಸರ್ಕಾರ ಒಂದಿಷ್ಟು ಮಾಡಿದೆ. 1975ರಲ್ಲಿ ಅಂಗನವಾಡಿ ಬಂತು, ಆದರೆ ಅಲ್ಲಿ ಕೂತು ಕಲಿಯುವುದು ಮೂರು ತುಂಬಿದವು. 2017ರ ತಿದ್ದುಪಡಿಯಿಂದ ನೌಕರಿಯ ತಾಯಂದಿರಿಗೆ ಮೊದಲ ಎರಡು ಹೆರಿಗೆಗೆ 26 ವಾರ ರಜೆ. ಕೂಲಿಯ ತಾಯಂದಿರ ಚಿಕ್ಕ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆ 2023ರಲ್ಲಿ ಬಂತು. ಎಂಟು ವರ್ಷದ ಹುಡುಗಿಯ ಸೊಂಟದ ಭಾರವನ್ನು ಪಂಚಾಯಿತಿ ತನ್ನ ಮೇಲೆ ಹೊತ್ತುಕೊಂಡದ್ದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ನಮ್ಮ ಓಣಿಯಲ್ಲಿ ಅಂಥದ್ದಿಲ್ಲ.

ಎರೆಯಲು ನಮ್ಮ ಮನೆಗೆ ಬಂದವಳ ಅತ್ತೆ ಸೂಲಗಿತ್ತಿಯಾಗಿದ್ದಳಂತೆ. ಮಣೆಯ ಮೇಲೆ ಕೂತು ಕಾಲು ಚಾಚಿ, ಎಳೆಗೂಸನ್ನು ಕರೆಯುವ ಮೊದಲು ಮೊಮ್ಮಗಳನ್ನು ಕರೆದಳು. “ಮದಲ ದೊಡ್ಡಾಕಿಗೆ ಎರೀತೀನ್ರಿ ಅಕ್ಕೋರ, ಆಮ್ಯಾಲೆ ಸಣ್ಣದಕ್ಕ. ಹಂಗ ಮಾಡಿದ್ರ ಇಕಿ ಮುನಸ್ಕೊಳ್ಳೂದಿಲ್ಲ.” ಅತ್ತೆ ಕಲಿಸಿದ ಕ್ರಮವಂತೆ. ಎಣ್ಣೆ ಹಚ್ಚಿ, ಕಡಲೆಹಿಟ್ಟು ಸವರಿ, ಎರಡು ತಂಬಿಗೆ ಹಾಕಿ ಒರೆಸಿದರೆ ದೊಡ್ಡದು ಹಾಲು ಕುಡಿದು ಮಲಗುತ್ತದೆ. ಎಳೆಯದಕ್ಕೆ ಎರೆದು ಲೋಬಾನದ ಹೊಗೆ ಹಾಕುವ ಹೊತ್ತಿಗೆ ಮನೆ ಶಾಂತ, ಬಾಣಂತಿಗೂ ನಿದ್ದೆ. ಕಿವಿ ಮೂಗಿಗೆ ಎಣ್ಣೆ ಬಿಡುವುದು ಬೇಡ ಎಂದೆ, ಒಪ್ಪಿಕೊಂಡಳು. ಉಳಿದದ್ದೆಲ್ಲ ಅವಳು ಹೇಳಿದಂತೆಯೇ ನಡೆಯಿತು.

ಅವಳಿಗೂ ಎರಡು ವರ್ಷದ ಮಗನಿದ್ದಾನೆ. ನಮ್ಮಲ್ಲಿಗೆ ಬರುವಾಗ ಅವನು ಯಾರ ಹತ್ತಿರ ಇರುತ್ತಾನೆಂದು ಕೇಳಿದೆ. “ಹುಡುಗಿ ಅದಾಳಲ್ರಿ, ಐದನೇತ್ತಾ. ಹೊತ್ತು ಮಾಡಿ ಸಾಲಿಗೆ ಹೊಕ್ಕಾಳ.” ಮರುದಿನದಿಂದ ಅವನನ್ನೂ ಕರೆದುಕೊಂಡು ಬಾ ಎಂದೆ. ಹುಡುಗಿ ಈಗ ಗಂಟೆ ಬಾರಿಸುವ ಹೊತ್ತಿಗೆ ಸಾಲಿಯಲ್ಲಿರುತ್ತಾಳೆ. ಬಚ್ಚಲಲ್ಲಿ ಮೊದಲ ಸರದಿ ಅವನದು, ಎರಡನೆಯದು ಮೊಮ್ಮಗಳದು, ಕೊನೆಗೆ ಕೂಸಿನದು. ಹಂಡೆಯಲ್ಲಿ ನೀರು ಮಾತ್ರ ಒಂದು ಕೊಡ ಹೆಚ್ಚು ಕಾಯಿಸಬೇಕಾಗುತ್ತದೆ.