ಹೆಪ್ಪುರೋಧಕ ಔಷಧಿ ಮತ್ತು ಕಡಿಮೆ ಪೊಟ್ಯಾಸಿಯಂ ಆಹಾರ

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುವವರಲ್ಲಿ ಕೆಲವರು ಊಟದಲ್ಲಿ ಪೊಟ್ಯಾಸಿಯಂ ಅನ್ನೂ ಕಡಿಮೆ ಮಾಡಬೇಕಾಗುತ್ತದೆ. ಇವರಲ್ಲಿ ಹೆಚ್ಚಿನವರು ಕಿಡ್ನಿಯ ಕೆಲಸ ಕುಂದಿದವರು. ಹೃದಯದ ಬಡಿತ ಏರುಪೇರಾಗಿದೆ ಎಂದೋ ಕವಾಟ ಬದಲಿಸಿದ್ದಾರೆ ಎಂದೋ ಮಾತ್ರೆ ಶುರುವಾಗಿರುತ್ತದೆ, ಜೊತೆಗೆ ಕಿಡ್ನಿಯೂ ಸೋತಿರುತ್ತದೆ. ಕಿಡ್ನಿ ಚೆನ್ನಾಗಿರುವವರು ಈ ಮಾತ್ರೆಯ ಕಾರಣಕ್ಕೆ ಬಾಳೆಹಣ್ಣು, ಎಳನೀರು ಬಿಡಬೇಕಾಗಿಲ್ಲ.

ಬಿಡುವವರು ಬಹಳ ಮಂದಿ ಇದ್ದಾರೆ. ಅದಕ್ಕೆ ಕಾರಣ ‘ಕೆ’ ಎಂಬ ಒಂದೇ ಅಕ್ಷರ. ಪೊಟ್ಯಾಸಿಯಂನ ರಾಸಾಯನಿಕ ಚಿಹ್ನೆ ಅದೇ, ವಾರ್ಫರಿನ್ ಎಂಬ ಹೆಪ್ಪುರೋಧಕ ಮಾತ್ರೆ ಸೇವಿಸುವವರು ಗಮನಿಸಬೇಕಾದ ವಿಟಮಿನ್ನಿನ ಹೆಸರೂ ಅದೇ. ಎರಡಕ್ಕೂ ಸಂಬಂಧವಿಲ್ಲ. ಪೊಟ್ಯಾಸಿಯಂ ಒಂದು ಲವಣಾಂಶ. ರಕ್ತದಲ್ಲಿ ಲೀಟರಿಗೆ 3.5ರಿಂದ 5 ಮಿಲಿಮೋಲ್‌ನಷ್ಟು ಇರಬೇಕು. ಹೆಚ್ಚಾದದ್ದನ್ನು ಕಿಡ್ನಿ ಮೂತ್ರದಲ್ಲಿ ಹೊರಹಾಕುತ್ತದೆ. ಅದು ಆಗದೆ ಮಟ್ಟ ತೀರಾ ಏರಿದರೆ ಹೃದಯ ಮುನ್ಸೂಚನೆಯಿಲ್ಲದೆ ಲಯ ತಪ್ಪಬಹುದು.

ವಿಟಮಿನ್ ಕೆ ಕೊಬ್ಬಿನಲ್ಲಿ ಕರಗುವ ವಸ್ತು. ಕೊಬ್ಬಿಲ್ಲದ ಆಹಾರ ತಿಂದ ಕೋಳಿಮರಿಗಳಿಗೆ ರಕ್ತಸ್ರಾವವಾಗುವುದನ್ನು ಕಂಡು ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಇದನ್ನು ಪತ್ತೆಹಚ್ಚಿದರು. 1943ರ ನೊಬೆಲ್ ಪ್ರಶಸ್ತಿಯನ್ನು ಎಡ್ವರ್ಡ್ ಡಾಯ್ಸಿ ಅವರೊಡನೆ ಹಂಚಿಕೊಂಡರು. ಯಕೃತ್ತು ಈ ವಿಟಮಿನ್ ಬಳಸಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಸಿದ್ಧಪಡಿಸುತ್ತದೆ. ವಾರ್ಫರಿನ್, ಅಸಿನೊಕೂಮರಾಲ್ ಮಾತ್ರೆಗಳು ಅದಕ್ಕೆ ಅಡ್ಡ ನಿಲ್ಲುತ್ತವೆ. ವಿಟಮಿನ್ ಕೆ ಹೇರಳವಾಗಿರುವ ಸೊಪ್ಪು ಏಕಾಏಕಿ ಹೆಚ್ಚಾದರೆ ಮಾತ್ರೆಯ ಬಲ ಕುಗ್ಗುತ್ತದೆ, ಏಕಾಏಕಿ ನಿಂತರೆ ರಕ್ತಸ್ರಾವದ ಭಯ. ಹಾಗಾಗಿ ಇಲ್ಲಿನ ನಿಯಮ ಸೊಪ್ಪು ಬಿಡಿ ಎಂಬುದಲ್ಲ. ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಿ ಎಂಬುದು.

ಎರಡೂ ಪಥ್ಯ ಒಬ್ಬರಿಗೇ ಬಂದಾಗ ಆಯ್ಕೆ ತೊಡಕಾಗುತ್ತದೆ. ಎಲೆಕೋಸಿನಲ್ಲಿ ಪೊಟ್ಯಾಸಿಯಂ 100 ಗ್ರಾಂಗೆ ಸುಮಾರು 170 ಮಿಲಿಗ್ರಾಂ ಅಷ್ಟೇ. ಕಿಡ್ನಿ ರೋಗಿಗೆ ಸಲ್ಲುವ ಈ ತರಕಾರಿಯಲ್ಲಿ ವಿಟಮಿನ್ ಕೆ ಮಾತ್ರ ಗಣನೀಯ. ಬಾಳೆಹಣ್ಣು ಇದಕ್ಕೆ ತದ್ವಿರುದ್ಧ: ಪೊಟ್ಯಾಸಿಯಂ 360 ಮಿಲಿಗ್ರಾಂನಷ್ಟಿದೆ, ವಿಟಮಿನ್ ಕೆ ಹೆಸರಿಗೆ ಮಾತ್ರ. ಆಲೂಗಡ್ಡೆ, ಎಳನೀರು ಬಾಳೆಹಣ್ಣಿನ ಸಾಲಿಗೇ ಸೇರುತ್ತವೆ. ಪಾಲಕ್, ನುಗ್ಗೆಸೊಪ್ಪಿನಲ್ಲಿ ಎರಡೂ ಧಾರಾಳ. ಸೋರೆಕಾಯಿ, ಸೀಮೆಬದನೆ, ಹಣ್ಣುಗಳಲ್ಲಿ ಸೇಬು, ಅನಾನಸ್ ಎರಡರಲ್ಲೂ ಕಡಿಮೆ ಇರುವಂಥವು. ದಿನದ ಅಡುಗೆಗೆ ಇವನ್ನೇ ನೆಚ್ಚಿಕೊಳ್ಳುವುದು ಸುಲಭ.

ಅಡುಗೆಯ ಕ್ರಮವೂ ಲೆಕ್ಕ ಬದಲಿಸುತ್ತದೆ. ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ. ವಿಟಮಿನ್ ಕೆ ಇಳಿಯುವುದಿಲ್ಲ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂನ ಒಂದು ಪಾಲು ಹೊರಟುಹೋಗುತ್ತದೆ. ಹಳೇ ಮೈಸೂರು ಭಾಗದ ಬಸ್ಸಾರಿನಲ್ಲಿ ಇದು ಕಣ್ಣೆದುರೇ ನಡೆಯುತ್ತದೆ. ಸೊಪ್ಪು, ಕಾಳು ಬೇಯಿಸಿ ಬಸಿದು, ಬೆಂದದ್ದಕ್ಕೆ ಪಲ್ಯದ ಒಗ್ಗರಣೆ ಹಾಕಿ, ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿ ಸಾರು ಕುದಿಸುತ್ತಾರೆ. ಹೊರಬಿದ್ದ ಪೊಟ್ಯಾಸಿಯಂ ಸಾರಿಗೆ ಸೇರಿತು, ವಿಟಮಿನ್ ಕೆ ಪಲ್ಯದಲ್ಲೇ ಉಳಿಯಿತು. ಕಿಡ್ನಿ ಸೋತವರು ಬಿಡಬೇಕಾದದ್ದು ಸಾರನ್ನು. ಪಲ್ಯ ಅವರಿಗೆ ಮಿತಿಯಲ್ಲಿ ಸಲ್ಲುತ್ತದೆ. ವಾರ್ಫರಿನ್ ಇದ್ದರೆ ಆ ಪಲ್ಯದ ಪ್ರಮಾಣವೂ ಪ್ರತಿಸಲ ಒಂದೇ ಇರಬೇಕು. ಊಟ ಬಡಿಸುವವರಿಗೆ ಈ ಮಾತು ತಿಳಿದಿದ್ದರೆ ರೋಗಿಯ ಪಾಲಿನ ಎಷ್ಟೋ ಭಯ ಕಳೆಯುತ್ತದೆ.

ತರಕಾರಿಗಿಂತ ಅಪಾಯಕಾರಿಯಾದದ್ದು ಅಂಗಡಿಯ ‘ಕಡಿಮೆ ಸೋಡಿಯಂ’ ಉಪ್ಪು. ರಕ್ತದೊತ್ತಡಕ್ಕೆ ಒಳ್ಳೆಯದೆಂದು ಕೊಳ್ಳುವ ಈ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುತ್ತದೆ. ಕಿಡ್ನಿ ಸೋತವರ ಮನೆಯಲ್ಲಿ, ವೈದ್ಯರು ಒಪ್ಪಿದ ಹೊರತು, ಅದು ಇರಲೇಬಾರದು. ಟೆಲ್ಮಿಸಾರ್ಟಾನ್, ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ಗಳಂತಹ ಹೃದಯ, ರಕ್ತದೊತ್ತಡದ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ.

ಹೆಪ್ಪುರೋಧಕಗಳ ಪೈಕಿ ಸ್ವತಃ ಪೊಟ್ಯಾಸಿಯಂ ಏರಿಸಬಲ್ಲದ್ದು ಹೆಪಾರಿನ್ ಚುಚ್ಚುಮದ್ದು. ಪೊಟ್ಯಾಸಿಯಂ ಹೊರಹಾಕಿಸುವ ಆಲ್ಡೊಸ್ಟೆರೋನ್ ಹಾರ್ಮೋನಿನ ಉತ್ಪತ್ತಿಯನ್ನು ಇದು ಕುಗ್ಗಿಸುತ್ತದೆ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರಿಗೆ ಕೆಲವು ದಿನ ಹೆಪಾರಿನ್ ಕೊಟ್ಟಾಗ ರಕ್ತಪರೀಕ್ಷೆ ಮಾಡುವುದು ಇದಕ್ಕೇ.

ಅಪಿಕ್ಸಬಾನ್, ರಿವರೊಕ್ಸಬಾನ್, ಡಾಬಿಗಟ್ರಾನ್‌ನಂತಹ ಹೊಸ ಮಾತ್ರೆಗಳಿಗೆ ವಿಟಮಿನ್ ಕೆ ಲೆಕ್ಕವೇ ಬೇಡ. ಅವನ್ನು ಸೇವಿಸುವ ಕಿಡ್ನಿ ರೋಗಿಗಳು ಪೊಟ್ಯಾಸಿಯಂ ಒಂದನ್ನು ನೋಡಿಕೊಂಡರೆ ಸಾಕು. ಆದರೆ ಕಿಡ್ನಿಯ ಸ್ಥಿತಿಗೆ ತಕ್ಕಂತೆ ಮಾತ್ರೆಯ ಪ್ರಮಾಣವನ್ನು ವೈದ್ಯರೇ ಗೊತ್ತುಮಾಡಬೇಕು. ಲೋಹದ ಕವಾಟ ಹಾಕಿಸಿಕೊಂಡವರಿಗೆ ಈ ಹೊಸ ಮಾತ್ರೆಗಳು ಸಲ್ಲುವುದಿಲ್ಲ. ಅವರು ವಾರ್ಫರಿನ್ ಅಥವಾ ಅಸಿನೊಕೂಮರಾಲ್‌ನಲ್ಲೇ ಮುಂದುವರಿಯಬೇಕು. ಆಹಾರದಲ್ಲಿ ದೊಡ್ಡ ಬದಲಾವಣೆ ಮಾಡುವ ಮುನ್ನ ವೈದ್ಯರಿಗೆ ಹೇಳಿ, ಬದಲಿಸಿದ ಮೇಲೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಐಎನ್‌ಆರ್ ಪರೀಕ್ಷೆಯನ್ನು ಬೇಗನೆ ಮಾಡಿಸಬೇಕು.